ಜೇಮ್ಸ್‌ಟೌನ್ ನೋಡಲು ಒಳ್ಳೆಯ ತಿಂಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಅಕ್ರಾ ನಗರದ ನಡಿಗೆ ಮಾರ್ಗದರ್ಶಕರ ಸಂಘದ ಬಂಧುಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ಡೆಡೆಯೇ, ಸಭಿಕರೇ,

ನಲವತ್ತು ವರ್ಷ ಈ ನಗರದ ಹಳೇ ಕೇರಿ ಜೇಮ್ಸ್‌ಟೌನಿನ ಗಲ್ಲಿಗಳಲ್ಲಿ ಪರವೂರಿನವರನ್ನು ನಡೆಸಿದವನಿಗೆ ಸನ್ಮಾನ ಮಾಡುತ್ತಿದ್ದೀರಿ. ನಮ್ಮೂರು ಸುತ್ತಲು ಯಾವ ತಿಂಗಳು ಒಳ್ಳೆಯದೆಂದು ನಾಲ್ಕು ಮಾತಾಡಿ, ಸಂಘದ ಪ್ರವಾಸಿ ಕೈಪಿಡಿ ಬಿಡುಗಡೆ ಮಾಡಿ ಎಂದಿರಿ. ಡಿಸೆಂಬರ್ ಎನ್ನಲೇ? ಮರುಭೂಮಿಯ ಧೂಳು ಬಂದು ಕಡಲಂಚಿನ ದೀಪಸ್ತಂಭವೇ ಕಾಣುವುದಿಲ್ಲ. ಜೂನ್ ಎನ್ನಲೇ? ಮಳೆಗೆ ಉಕ್ಕಿದ ಗಟಾರದ ನೀರೇ ಮುಂದೆ ಓಡಿ ದಾರಿ ತೋರಿಸುತ್ತದೆ, ಆಮೇಲೆ ನನಗೇನು ಕೆಲಸ?

ಇಂಥದ್ದೇ ತಮಾಷೆ ಬರೆದುಕೊಂಡು ಬಂದಿದ್ದೆ. ಐದು ನಿಮಿಷದ ಹಿಂದೆ ಕಾರ್ಯದರ್ಶಿಗಳು ಈ ಕೈಪಿಡಿ ಕೊಟ್ಟರು. ಮುಖಪುಟ ನೋಡಿದ ಮೇಲೆ ಆ ತಮಾಷೆ ಮುಂದುವರಿಸಲಾರೆ. ಕ್ಷಮಿಸಿ.

‘ಮೇ ತಿಂಗಳೇ ಶ್ರೇಷ್ಠ, ಆಗ ಊರು ಶಾಂತ’ ಎಂದು ಒಳಗೆ ಅಚ್ಚಾಗಿದೆ. ಶಾಂತವೇ, ಯಾರು ಇಲ್ಲವೆಂದರು? ಅದು ನಮ್ಮ ಗಾ ಜನರ ಮೌನದ ತಿಂಗಳು. ಡೋಲಿಲ್ಲ, ಹಾಡಿಲ್ಲ, ಸಾವಿನ ಮನೆಯಲ್ಲೂ ದನಿಯೆತ್ತಿ ಅಳುವಂತಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ, ಅದೇ ತಿಂಗಳ ಒಂದು ಬೆಳಗ್ಗೆ, ನಮ್ಮ ಆರು ವರ್ಷದ ಮಗಳು ಲಾಮಿಲೆ ಜ್ವರದಲ್ಲಿ ತೀರಿಕೊಂಡಳು. ಮನೆತನದ ಹಿರಿಯರಿಗೆ ತಿಳಿಸಿ ಬರುತ್ತೇನೆಂದು ಹೊರಟೆ. “ಬೇಗ ಬಂದ್ಬಿಡಿ. ಬಾಯಿಗೆ ಬಟ್ಟೆ ತುರುಕ್ಕೊಂಡು ನಾನೊಬ್ಳೇ ಎಷ್ಟೊತ್ತು ಕೂತಿರ್ಲಿ?” ಎಂದಳು ಡೆಡೆ.

ದೀಪಸ್ತಂಭದ ಬಳಿ ಹನ್ನೆರಡು ಪ್ರವಾಸಿಗರು ನನಗಾಗಿ ಕಾದಿದ್ದರು. ಇವತ್ತು ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. “ಬನ್ನಿ ಬನ್ನಿ, ಸ್ವಾಗತ” ಎಂದುಬಿಟ್ಟಿತು ಈ ಹಾಳು ಬಾಯಿ! ಎರಡು ಗಂಟೆ ನಡೆಸಿದೆ. ಕೋಟೆ ತೋರಿಸಿದೆ, ಮೀನು ಹೊಗೆಗಿಡುವ ಒಲೆ ತೋರಿಸಿದೆ, ನಗಿಸಿದೆ ಕೂಡ. ನಮ್ಮ ಮನೆಯ ನೀಲಿ ಬಾಗಿಲು ಬಂದಾಗ ತಲೆ ತಗ್ಗಿಸಿ ಬಿರಬಿರನೆ ದಾಟಿದೆ. ಆಮೇಲೆ ಮನೆಗೆ ಹೋಗಿ, “ಹಿರಿಯರು ಸಿಗೋದು ತಡ ಆಯ್ತು ಕಣೇ” ಎಂದೆ. “ಹೂಂ” ಎಂದಳು, ಅಷ್ಟೇ.

ಈ ಮುಖಪುಟದ ಫೋಟೋ ಆ ದಿನದ್ದು. ಆ ಹನ್ನೆರಡು ಜನರಲ್ಲಿ ಯಾರೋ ತೆಗೆದು, ಸಂಘಕ್ಕೆ ಕಳಿಸಿದ್ದಾರೆ. ನೀಲಿ ಬಾಗಿಲು. ಹೊಸ್ತಿಲ ಮೇಲೆ ಡೆಡೆ, ಬಾಯಲ್ಲಿ ಬಟ್ಟೆ. ಈಚೆ ನನ್ನ ಬೆನ್ನು. ಅವಳು ನೋಡುತ್ತಿರುವುದು ನನ್ನನ್ನೇ. ಹತ್ತೊಂಬತ್ತು ವರ್ಷ ಇವಳಿಗೆ ಗೊತ್ತಿತ್ತು, ಸಭಿಕರೇ! ಗೊತ್ತಿದ್ದೂ ದಿನಾ ನನಗೆ ಗಂಜಿ ಕಾಸಿ ಕೊಟ್ಟಳು. ಒಂದು ದಿನವೂ ಕೇಳಲಿಲ್ಲ.

ಆಗಸ್ಟಿನಲ್ಲಿ, ಮೌನ ಮುಗಿದ ಮೇಲೆ ಬರುವ ಹೊಮೊವೊ ಹಬ್ಬದ ಮರುದಿನ ಬೆಳಗ್ಗೆ, ಆ ವರ್ಷ ಸತ್ತವರಿಗಾಗಿ ನಮ್ಮಲ್ಲಿ ಊರಿಗೆ ಊರೇ ಗಟ್ಟಿಯಾಗಿ ಅಳುತ್ತದೆ. ಲಾಮಿಲೆ ಹೋದ ವರ್ಷ ನಾನೆಲ್ಲಿದ್ದೆ? ಛತ್ರಿ ಎತ್ತಿ ಹಿಡಿದು, “ನೋಡಿ, ನಮ್ಮವರು ಹೇಗೆ ಅಳ್ತಾರೆ” ಎಂದು ಪ್ರವಾಸಿಗರಿಗೆ ತೋರಿಸುತ್ತಿದ್ದೆ.

ಒಳ್ಳೆಯ ಸಮಯ ಕೇಳಿದಿರಲ್ಲ? ಅದೇ ಬೆಳಗ್ಗೆ. ಆದರೆ ಈ ಸಲ ನಾನು ನಡಿಗೆಗೆ ಸಿಗುವುದಿಲ್ಲ. ನೀಲಿ ಬಾಗಿಲ ಒಳಗೆ ಕೂತು ಅಳಬೇಕು, ಡೆಡೆ ಒಳಗೆ ಬಿಟ್ಟರೆ. ಈ ಕೈಪಿಡಿಯನ್ನು ನಾನು ಬಿಡುಗಡೆ ಮಾಡಲಾರೆ. ನನಗೆ ಹೊದಿಸಲೆಂದು ತಂದ ಸನ್ಮಾನದ ವಸ್ತ್ರವನ್ನು ದಯವಿಟ್ಟು ಮುಂದಿನ ಸಾಲಿಗೆ ಒಯ್ದು ಅವಳಿಗೆ ಹೊದಿಸಿ.

ಕೂತು ಕೇಳಿದ ನಿಮಗೆಲ್ಲ ಧನ್ಯವಾದ. ಡೆಡೆ, ನಿನಗೆ ನಮಸ್ಕಾರ.