ದಿನಕ್ಕೊಂದು ಮಂಕರಿ ಹೂಳು

...ನಗ್ಬೇಡ ಕಣೇ ಭಾರತಿ! ಸೊಣ್ಣಪ್ಪ ನಗ್ತಾನೆ, ಟೀ ಅಂಗಡಿ ಮುಂದೆ ಕೂತೋರೆಲ್ಲ ನಗ್ತಾರೆ, ನೀನೂ ನಗ್ಬೇಡ. ಇವತ್ತೇನಂದ ಗೊತ್ತಾ? "ಮುನಿಗಂಗಮ್ಮ, ಕೆರೆ ತಳ ಸಿಕ್ತಾ?" ಅಂದ! ಎಲ್ಲರ ಮುಂದೆ! ದಿನಕ್ಕೊಂದು ಮಂಕರಿ ಹೂಳು ಎತ್ತಿ ಹೊರ್ತೀವಲ್ಲ ನಾವಿಬ್ರು, ಅದು ಅವನಿಗೆ ತಮಾಷೆ.

ಕೂತ್ಕೋ. ಅಯ್ಯೋ, ಹಿತ್ಲು ಬಾಗ್ಲಲ್ಲಿ ಬೇಡ... ಬಿಸ್ಲು ಹೊಡೀತದೆ ಅಲ್ಲಿ. ಈ ಕಡೆ ಜಗ್ಲಿ ಮೇಲೆ ಕೂತ್ಕೋ.

ನಮ್ಮತ್ತೆ ಕಾಲ್ದಲ್ಲಿ ಯುಗಾದಿ ಆಯ್ತು ಅಂದ್ರೆ ಮನೆಗೊಬ್ರು ಕೆರೆಗಿಳೀಬೇಕು. ಇಳೀದಿದ್ದೋರ ಗದ್ದೆಗೆ ನೀರುಗಂಟಿ ನೀರೇ ಬಿಡ್ತಿರ್ಲಿಲ್ಲ! ಈಗ? ನೀರುಗಂಟಿ ಮುನಿಶಾಮೀನೇ ಅರಳಿಕಟ್ಟೆ ಮೇಲೆ ಇಸ್ಪೀಟಾಡ್ತಾನೆ. ಕೆರೆ ತುಂಬಿ ಕೋಡಿ ಹೋಗಿ ಏಳು ವರ್ಷ ಆಯ್ತು... ಏಳು ವರ್ಷ! ಕೇಳಿದ್ರೆ ಸರ್ಕಾರದೋರು ಬಂದು ಎತ್ತಲಿ ಅಂತಾರೆ. ನಿನ್ನೊಂದು ಮಂಕರಿಯಿಂದ ಏನಾಗ್ತದೆ ಅಂತಾರೆ. ಒಬ್ಬೊಬ್ರೂ ಹಂಗೇ ಅಂದ್ರೆ ಯಾರೇ ಹೊರೋದು? ನೀನೇ ಹೇಳು!

ಆ ಸೊಣ್ಣಪ್ಪ ಎರಡೆಕ್ರೆ ನೀಲಗಿರಿ ನೆಟ್ಟ, ಪಕ್ಕದ ಚನ್ನರಾಯಪ್ಪನ ಬಾವಿ ಬತ್ತೋಯ್ತು. ಯಾಕಪ್ಪಾ ಹಿಂಗೆ ಮಾಡ್ದೆ ಅಂದ್ರೆ, "ಊರೆಲ್ಲ ನೆಟ್ಟೈತೆ, ನಂದೊಂದೇನು?" ಅಂದ. ಮೈಯೆಲ್ಲ ಉರೀತು ಕಣೇ ನಂಗೆ!

ಇಡೀ ಊರಲ್ಲಿ ನನ್ ಮಾತು ಕೇಳ್ದೋಳು ನೀನೊಬ್ಳೇ. ಎರಡು ತಿಂಗಳು, ಒಂದು ದಿನ ತಪ್ಪಿಸ್ಲಿಲ್ಲ...

ಏನೇ? ಎಲ್ಲಿ ನೋಡ್ತಿದ್ದೀಯ? ಆ ಗೋಣೀನಾ? ಕೋಳಿಮರಿ ಕಣೇ, ಮುಚ್ಚಿಟ್ಟಿದ್ದೀನಿ. ಸದ್ದಿಲ್ವಾ? ಮಲಗಿರ್ಬೇಕು. ಒದ್ದೆ ಯಾಕಂದ್ರೆ... ಬಿಸ್ಲಲ್ವಾ, ಒಂಚೂರು ನೀರು ಚಿಮುಕಿಸ್ದೆ... ಏಳ್ಬೇಡ! ಭಾರತೀ, ಎತ್ಬೇಡ ಅಂದ್ನಲ್ಲ ಅದನ್ನ!

...

ನಮ್ಮನೆಯೋರು ತಂದಿದ್ದು. ಹೂಂ, ನೀಲಗಿರಿ ಸಸೀನೇ. ನರ್ಸರೀಲಿ ಪುಕ್ಕಟೆ ಕೊಟ್ರಂತೆ. ನಾನೇನ್ ಮಾಡ್ಲಿ? ಹಿಪ್ಪುನೇರಳೆಗೆ ನೀರು ಹೊತ್ತು ಹೊತ್ತು ಸೊಂಟ ಬಿದ್ದೋಯ್ತು ನಂದು. ಇದಕ್ಕೆ ನೀರು ಹಾಕೋದು ಬೇಡ, ಆಳು ಬೇಡ, ನೆಟ್ಟು ಮರೆತ್ರಾಯ್ತು. ಅರ್ಧ ಎಕ್ರೆ ಕಣೇ, ಬರೀ ಅರ್ಧ ಎಕ್ರೆ! ನಿನ್ ಬಾವಿ ಪಕ್ಕದ್ದೇ... ಗೊತ್ತು, ಗೊತ್ತು ನಂಗೆ. ಆದ್ರೂ ಊರೆಲ್ಲ ನೆಟ್ಟಿರೋವಾಗ ನಂದೊಂದು ಅರ್ಧ ಎಕ್ರೆಯಿಂದ ಏನಾಗ್...

ಹಂಗ್ ನೋಡ್ಬೇಡ. ಬೈಯೇ! ಬೈದಾದ್ರೂ ಬೈಯೇ, ತಾಯಿ!

ಆಯ್ತು... ಅವರು ತಂದಿಲ್ಲ. ಅವರು ಬೇಡವೇ ಬೇಡ ಅಂದ್ರು, ಭಾರತಿ ಬಾವಿ ಪಕ್ಕ ಕಣೇ ಅದು ಅಂದ್ರು. ಮೊನ್ನೆ ಜ್ವರ ಅಂದೆನಲ್ಲ ನಿಂಗೆ, ಕೆರೆಗೆ ಬರಲ್ಲ ಅಂತ... ಜ್ವರ ಇರ್ಲಿಲ್ಲ. ನಾನೇ ನರ್ಸರಿಗೆ ಹೋಗಿ ಹೆಬ್ಬೆಟ್ಟು ಒತ್ತಿದೆ. ಬೇರೇನೂ ಕೈಗೆ ಸಿಗ್ಲಿಲ್ಲ, ಹೂಳಿನ ಮಂಕರೀಲೇ ಸಸಿ ಹೊತ್ಕೊಂಡು ಬಂದೆ.

ಸಂಜೆ ನೀನು ಗಂಜಿ ತಂದ್ಕೊಟ್ಟೆ. "ನಿನ್ ಪಾಲಿನ ಮಂಕರೀನೂ ನಾನೇ ಹೊತ್ತೆ" ಅಂದೆ ನೀನು, ಅವತ್ತು.