ಮೊಲಗಳ ಮುಂದೆ ಹೇಳಿದ ಮಾತು

ಒಸಾಕಾದ ಆಸ್ಪತ್ರೆಯೊಂದರ ಎದುರಿನ ಔಷಧಿ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಮಿನೆಕೊಗೆ ಪಕ್ಕದ ಬೆಂಚಿನ ವೃದ್ಧ ದಂಪತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮುದುಕ ಹೆಂಡತಿಯ ಮಣಿಕಟ್ಟು ಹಿಡಿದು ಕೂತಿದ್ದ.

"ಕೈ ಬಿಡ್ರೀ, ಜನ ನೋಡ್ತಾರೆ."

"ಸುಮ್ನಿರು ಕಿಯೊ, ನಾಡಿ ಎಣಿಸ್ತಿದೀನಿ."

"ನನ್ನ ಬಿಪಿ ಮಾತ್ರೆ ಇನ್ನೂ ಕೈಗೇ ಬಂದಿಲ್ಲ! ಮೂವತ್ತು ವರ್ಷ ಇದೇ ಔಷಧಿ ಮೇಲೆ ಸಂಶೋಧನೆ ಮಾಡಿದೋರು ನೀವು. ನಿಮಗೇ ಭಯಾನಾ?"

"ಮಾಡಿದ್ದಕ್ಕೇ ಭಯ. ಹೃದಯದೊಳಕ್ಕೆ ಕ್ಯಾಲ್ಸಿಯಂ ಹೋಗೋ ಬಾಗಿಲನ್ನ ಇದು ಅರ್ಧ ಮುಚ್ಚುತ್ತೆ. ಹೆಚ್ಚಾದ್ರೆ ಬಡಿತ ನಿಂತೇ ಹೋಗುತ್ತೆ. ಪ್ರಯೋಗದಲ್ಲಿ ಎಷ್ಟು ಮೊಲಗಳ ಬಡಿತ ನನ್ನ ಕಣ್ಣೆದುರೇ ನಿಂತಿದೆ."

"ವರ್ಷಾ ವರ್ಷಾ ನಿಮ್ಮ ಮೆಡಿಕಲ್ ಕಾಲೇಜಲ್ಲಿ ಸತ್ತ ಆ ಮೊಲಗಳ ಸ್ಮಾರಕದ ಕಲ್ಲಿಗೆ ಹೂವಿಟ್ಟು ಕೈಮುಗೀತಿದ್ರಲ್ಲ, ಆಗ ಏನಂತಿದ್ರಿ?"

"ಕ್ಷಮಿಸಿ ಅಂತಿದ್ದೆ. ನಿಮ್ಮಿಂದ ಮನುಷ್ಯರು ಬದುಕ್ತಾರೆ ಅಂತಿದ್ದೆ."

"ಆ ಮನುಷ್ಯರಲ್ಲಿ ನಾನೂ ಒಬ್ಬಳು ಅಲ್ವೇನ್ರೀ?"

ಅಷ್ಟರಲ್ಲಿ ಒಳಗಿನಿಂದ ಅವರ ನಂಬರು ಕೂಗಿದರು. ಔಷಧಿಯ ಪೊಟ್ಟಣ ತೆಗೆದುಕೊಂಡು ಇಬ್ಬರೂ ಹೊಸ್ತಿಲು ದಾಟುವಾಗಲೂ ಮುದುಕ ಹೆಂಡತಿಯ ಕೈ ಬಿಟ್ಟಿರಲಿಲ್ಲ. ತುಟಿಗಳು ಎಣಿಸುತ್ತಲೇ ಇದ್ದವು.