ಹಿಂದಿನ ಸೀಟಿನವನು

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ… ಸಣ್ಣ ಮಾಡಿದರೆ ಸಾಕು.

ಇದು ಯಾರೋ ಹೇಳಿದ್ದನ್ನ ಇನ್ಯಾರೋ ಕೇಳಿದ ಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗಳಿಗೇ ಆಗಿದ್ದು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಅಕ್ಕ ಅಂತೀನಿ. ಬಣ್ಣ ಹಚ್ಚೋ ಕೆಲಸ. ಅಕ್ಷರ ಬರೆಯೋದರಲ್ಲಿ ಎತ್ತಿದ ಕೈ. ಅವಳು ಕೆಲಸ ಮಾಡೋ ಶೆಡ್ಡಲ್ಲಿ ಎಲ್ಲರೂ ಅವಳನ್ನ ಬ್ರಷ್ಷಕ್ಕ ಅಂತಲೇ ಕರೆಯೋದು. ಪುಕ್ಕಲು ಹೆಂಗಸಲ್ಲ. ಮನೆಗೆ ಹಾವು ಬಂದಾಗ ಚಿಕ್ಕಪ್ಪ ಮಂಚ ಹತ್ತಿ ಕೂತಿದ್ದರು, ಇವಳು ಪೊರಕೆ ಹಿಡಿದು ಅದನ್ನ ಬಾಗಿಲು ದಾಟಿಸಿ ಬಂದಿದ್ದಳು.

ಆ ಮಂಗಳವಾರ ಕೆಲಸ ಮುಗಿಸಿ ಹೊರಟಾಗ ರಾತ್ರಿ ಹತ್ತೂವರೆ. ಶೆಡ್ಡಿನ ಹಿಂದಿನ ಗೇಟು ದಾಟಿದರೆ ಒಂದು ಹಳೇ ಬಾವಿ. ಕಲ್ಲುಚಪ್ಪಡಿ ಹಾಕಿ ಮುಚ್ಚಿದ್ದಾರೆ. ದಿನಾ ಓಡಾಡೋ ದಾರಿ. ಬಾವಿ ಹತ್ತಿರ ಬಂದಳು… ಸದ್ದು.

ಟಕ್. ಟಕ್ ಟಕ್.

ಮರ ಬಡಿದ ಸದ್ದಲ್ಲ. ತಗಡಿನದೂ ಅಲ್ಲ. ದಪ್ಪ ಗಾಜನ್ನ ಬೆರಳಗಂಟಿನಿಂದ ತಟ್ಟಿದ ಹಾಗೆ. ಚಪ್ಪಡಿಗೆ ಕಿವಿ ಇಟ್ಟಳು. ಬಾವೀಲಿ ಏನೂ ಇಲ್ಲ. ಸದ್ದು ಬರ್ತಿದ್ದಿದ್ದು ಬೆನ್ನ ಹಿಂದಿನಿಂದ. ಈಗಷ್ಟೇ ಬೀಗ ಹಾಕಿ ಬಂದ ಶೆಡ್ಡಿನೊಳಗಿಂದ.

ಒಳಗೆ ಇದ್ದಿದ್ದು ಒಂದೇ. ಹಳೇ ಯುದ್ಧವಿಮಾನ. ಎರಡು ಸೀಟಿನ ಜೆಟ್ಟು, ಮುಂದೊಂದು, ಹಿಂದೊಂದು. ಹಾರೋ ಕಾಲ ಮುಗಿದು ಎಲ್ಲೋ ತುಕ್ಕು ಹಿಡೀತಾ ನಿಂತಿದ್ದನ್ನ ತಂದು, ಉಜ್ಜಿ, ಹೊಸದಾಗಿ ಬಣ್ಣ ಹಚ್ಚಿದ್ದರು. ವಾಯುನೆಲೆಯ ಮುಂಬಾಗಿಲಲ್ಲಿ ನಿಲ್ಲಿಸೋಕೆ. ಐವತ್ತು ವರ್ಷದ ಹಿಂದೆ ಇದೇ ಬಗೆಯ ಒಂದು ವಿಮಾನ ಸಮುದ್ರಕ್ಕೆ ಬಿದ್ದಿತ್ತಂತೆ. ವಿಮಾನವೂ ಸಿಗಲಿಲ್ಲ, ಪೈಲಟ್ಟೂ ಸಿಗಲಿಲ್ಲ. ಆ ಪೈಲಟ್ಟು ದೊಡ್ಡ ಹೆಸರು ಮಾಡಿದವನು. ಅವನ ನೆನಪಿಗೆ ಅಂತ ಆ ಮುಳುಗಿದ ವಿಮಾನದ ಬಣ್ಣ, ಅದರದ್ದೇ ನಂಬರು, ಈ ವಿಮಾನಕ್ಕೆ. ಮುಂದಿನ ಸೀಟಿನ ಕೆಳಗೆ, ವಿಮಾನದ ಹೊರಮೈ ಮೇಲೆ, ಅವನ ಹೆಸರು. ಎಲ್ಲ ಬರೆದವಳು ಅಕ್ಕ. ಬಾಲದ ಮೇಲೆ ನಂಬರಿನ ಕೊನೇ ಅಂಕಿ ತುಂಬಿ ಬ್ರಷ್ ತೊಳೆದಿದ್ದು ಅದೇ ಮಂಗಳವಾರ ರಾತ್ರಿ.

ಬುಧವಾರ ಬೆಳಿಗ್ಗೆ ಸೂಪರ್‌ವೈಸರಿಗೆ ಹೇಳಿದಳು.

"ಇಲಿ ಕಣಮ್ಮ."

"ಇಲಿಗೆ ಬೆರಳಗಂಟು ಇರುತ್ತಾ ಸಾರ್?"

ಆತ ಏಣಿ ಹತ್ತಿ ಗಾಜಿನ ಮುಚ್ಚಳದ ಮೇಲೆ ಟಾರ್ಚ್ ಬಿಟ್ಟು ತೋರಿಸಿದ. ಎರಡೂ ಸೀಟು ಖಾಲಿ. ಮುಚ್ಚಳಕ್ಕೆ ಸುತ್ತಲೂ ಬೋಲ್ಟು ಬಿಗಿದಿದೆ. "ಶುಕ್ರವಾರ ಇಲ್ಲೇ, ಶೆಡ್ಡಲ್ಲೇ ಪರದೆ ಸರಿಸಬೇಕು. ಪೈಲಟ್ಟಿನ ತಂಗಿ ಬರ್ತಾರೆ, ಎಂಬತ್ತು ವರ್ಷದ ಮುದುಕಿ. ದೊಡ್ಡ ದೊಡ್ಡವರು ಬರ್ತಾರೆ. ನೀನು ಇಲಿ ಹಿಡೀತಾ ಕೂರಬೇಡ."

ಬುಧವಾರ ರಾತ್ರೀನೂ ಬಾವಿ ಹತ್ತಿರ ಅದೇ ಸದ್ದು. ಆದರೆ ಮೆಲ್ಲಗಾಗಿತ್ತು. ತಟ್ಟಿ ತಟ್ಟಿ ಸೋತವರ ಹಾಗೆ. ಅಕ್ಕ ಕಿವಿ ಮುಚ್ಚಿಕೊಂಡು ಮನೆಗೆ ಓಡಿದಳು. ಅದನ್ನ ಹೇಳುವಾಗ ಈಗಲೂ ಅವಳು ತಲೆ ಎತ್ತಲ್ಲ. ಎರಡು ರಾತ್ರಿ ಓಡಿಹೋದೆ ಕಣೋ, ಅಂತಾಳೆ.

ಗುರುವಾರ ರಾತ್ರಿ ಹನ್ನೊಂದು ಗಂಟೆ. ತಟ್ಟೋ ಸದ್ದಿಲ್ಲ. ಕರ್… ಕರ್… ಗಾಜಿನ ಮೇಲೆ ಉಗುರು ಎಳೆದ ಸದ್ದು. ನಡುನಡುವೆ ನಿಲ್ಲುತ್ತೆ. ಪ್ರತಿ ಸಲ ನಿಂತಾಗಲೂ ಅಕ್ಕನಿಗೆ, ಮುಗೀತೇನೋ ಅನ್ನಿಸುತ್ತೆ.

ಬಾವಿಕಟ್ಟೆ ಹತ್ತಿರ ಕಾಲು ಕಿತ್ತಿಡೋಕೆ ಆಗಲಿಲ್ಲ. ನಂಬರು ಬರೆದವಳು ನಾನೇ, ಅಂದುಕೊಂಡಳಂತೆ. ಆ ನಂಬರು ಹುಡುಕಿಕೊಂಡು ಬಂದಿದ್ದಾರೆ. ಕರೆದವಳೇ ಓಡಿಹೋದರೆ ಹೇಗೆ?

ವಾಪಸ್ ಹೋದಳು. ಬೀಗ ತೆಗೆದಳು. ಏಣಿ ಹತ್ತಿದಳು.

ಮುಂದಿನ ಗಾಜು ತಿಳಿಯಾಗಿತ್ತು. ಹಿಂದಿನ ಗಾಜು… ಒಳಗಿನಿಂದ ಮಬ್ಬು. ಬಾಯಿ ಹತ್ತಿರ ಇಟ್ಟು ಉಸಿರು ಬಿಟ್ಟರೆ ಆಗುತ್ತಲ್ಲ, ಹಾಗೆ. ಆ ಮಬ್ಬು ದೊಡ್ಡದಾಗ್ತಿದೆ, ಸಣ್ಣದಾಗ್ತಿದೆ. ದೊಡ್ಡದಾಗ್ತಿದೆ… ಸಣ್ಣದಾಗ್ತಿದೆ. ಅದರ ಹಿಂದೆ ಸೀಟು ಖಾಲಿ.

"ಯಾರು?" ಅಂದಳು, ಪಿಸುಮಾತಲ್ಲಿ.

ಗಾಜಿನ ಆಚೆಯಿಂದ ಒಂದೇ ಮಾತು. "ಗಾಳಿ…"

ಅಕ್ಕನ ಭಯ ಅಲ್ಲಿಗೆ ಹೋಯಿತು. ಭಯಕ್ಕೆ ಪುರುಸೊತ್ತೇ ಇರಲಿಲ್ಲ. ಸ್ಪ್ಯಾನರ್ ತಂದಳು. ಬೋಲ್ಟು ಅಲುಗಲಿಲ್ಲ. ಇನ್ನೊಂದು. ಅದೂ ಇಲ್ಲ. ಅಂಗೈ ಸುಲಿದು ಹೋಯಿತು. ಸುತ್ತಿಗೆ ಎತ್ತಿ ಗಾಜಿಗೇ ಹೊಡೆದಳು. ದಬ್! ಕೂದಲೆಳೆಯಷ್ಟೂ ಬಿರುಕು ಬಿಡಲಿಲ್ಲ. "ತಾಳಿ ಅಣ್ಣಾ… ತಾಳಿ, ತೆಗೀತೀನಿ, ತೆಗೀತೀನಿ…" ಅಂತ ಅಳ್ತಾ ಹೊಡೀತಾನೇ ಇದ್ದಳು. ಮಬ್ಬು ಸಣ್ಣದಾಗುತ್ತಾ ಬಂತು. ತಟ್ಟೆಯಷ್ಟಿತ್ತು. ಅಂಗೈಯಷ್ಟಾಯಿತು.

ಆಗ ಆ ಮಬ್ಬಿನ ಮೇಲೆ ಗೆರೆ ಮೂಡಿತು. ಬೆರಳು ಕಾಣಲ್ಲ, ಗೆರೆ ಮಾತ್ರ. ಒಳಗಿಂದ ಬರೆದ ಅಕ್ಷರ, ಹೊರಗಿನವರಿಗೆ ತಿರುವುಮುರುವು. ಬೇರೆಯವರಾಗಿದ್ದರೆ ಓದೋಕೆ ಆಗ್ತಿರಲಿಲ್ಲ. ಅಕ್ಕ ಅಂಗಡಿ ಗಾಜುಗಳ ಮೇಲೆ ಒಳಗಡೆಯಿಂದ ಹಾಗೇ ತಿರುಗಿಸಿ ಬರೆದು ಪಳಗಿದವಳು. ಓದಿದಳು. ಒಂದು ಹೆಸರು. ಪೈಲಟ್ಟಿನದಲ್ಲ. ಕೊನೇ ಅಕ್ಷರ ಅರ್ಧಕ್ಕೆ ನಿಂತಿತು. ಮಬ್ಬು ಆರಿತು.

ಆಮೇಲೆ ಸದ್ದೇ ಇಲ್ಲ.

ಆ ಹೆಸರು ನಾನು ರಾತ್ರಿ ಹೊತ್ತು ಹೇಳಲ್ಲ. ಅಕ್ಕ ಬೇಡ ಅಂದಿದ್ದಾಳೆ.

ಬೇರೇನೂ ತೋಚಲಿಲ್ಲ ಅವಳಿಗೆ. ರಕ್ತ ಸೋರ್ತಿದ್ದ ಕೈಗೆ ಬಟ್ಟೆ ಸುತ್ತಿಕೊಂಡು, ಬ್ರಷ್ ಹಿಡಿದು, ಹಿಂದಿನ ಸೀಟಿನ ಕೆಳಗೆ ಆ ಹೆಸರು ಬರೆದಳು. ಅರ್ಧಕ್ಕೆ ನಿಂತ ಅಕ್ಷರ ಪೂರ್ತಿ ಮಾಡಿದಳು. ಬೆಳಗಾಯಿತು.

ಸೂಪರ್‌ವೈಸರ್ ನೋಡಿ ಕೆಂಡವಾದ. "ಯಾರಮ್ಮ ಇವನು? ನಿಮ್ಮ ಮಾವನಾ? ಒರೆಸು ಮೊದಲು!" ಥಿನ್ನರ್ ಬಟ್ಟೆ ಅವಳ ಕೈಗೆ ತುರುಕಿದ. ಅಕ್ಕ ಬಟ್ಟೆ ಕೆಳಗೆ ಹಾಕಿ ಆ ಹೆಸರಿಗೆ ಬೆನ್ನು ಕೊಟ್ಟು ನಿಂತಳು. "ಬೇಕಾದರೆ ಕೆಲಸದಿಂದ ತೆಗೀರಿ ಸಾರ್. ಒರೆಸಲ್ಲ." ಜಗಳ ಮುಗಿಯೋ ಹೊತ್ತಿಗೆ ಕಾರುಗಳು ಬಂದವು.

ಪರದೆ ಸರೀತು. ಚಪ್ಪಾಳೆ. ಮುದುಕಿ ಕೋಲೂರಿಕೊಂಡು ಬಂದು ಅಣ್ಣನ ಹೆಸರು ಸವರಿದರು. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಇನ್ನೊಂದು ಹೆಸರು ಓದಿದರು. ಕೋಲು ಕೈಜಾರಿತು.

"ಇದನ್ನ… ಯಾರು ಬರೆದಿದ್ದು?"

"ನಾನೇ ಅಮ್ಮ," ಅಂದಳು ಅಕ್ಕ.

"ಯಾರು ಹೇಳಿದರು ನಿನಗೆ?"

ಅಕ್ಕ ಹಿಂದಿನ ಗಾಜಿನ ಕಡೆ ಬೆರಳು ತೋರಿಸಿದಳು. ಮುದುಕಿ ಅವಳ ಕೈ ಹಿಡಿದು ಪಕ್ಕಕ್ಕೆ ಕರೆದು ಹೇಳಿದರು. ಅವರ ಅಣ್ಣನ ವಿಮಾನ ನೋಡಿಕೊಳ್ತಿದ್ದ ಮೆಕ್ಯಾನಿಕ್ಕಿನ ಹೆಸರದು. ಅವನಿಗೆ ಒಂದೇ ಒಂದು ಸಲ ಮೇಲೆ ಹಾರಬೇಕು ಅಂತ ಆಸೆ. ನಾಳೆ ಅವನನ್ನ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸ್ತೀನಿ, ಯಾರಿಗೂ ಹೇಳಬೇಡ, ಅಂದಿದ್ದನಂತೆ ಅಣ್ಣ. ಮಾರನೇ ದಿನ ವಿಮಾನ ಬಿತ್ತು. ಕಾಗದಪತ್ರದಲ್ಲಿ ಪೈಲಟ್ಟು ಒಬ್ಬನೇ ಹೋಗಿದ್ದ ಅಂತಿತ್ತು. ಮೆಕ್ಯಾನಿಕ್ ಕೆಲಸ ಬಿಟ್ಟು ಓಡಿಹೋದ ಅಂತ ಬರೆದರು. ಅವನ ಹೆಂಡತಿ ಬದುಕಿರೋವರೆಗೂ ಓಡಿಹೋದವನ ಹೆಂಡತಿ ಅನ್ನಿಸಿಕೊಂಡಳು.

"ಹೇಳಿದರೆ ಅಣ್ಣನ ಹೆಸರಿಗೆ ಮಸಿ ಬಳಿದ ಹಾಗಾಗುತ್ತೆ ಅಂತ ಬಾಯಿ ಮುಚ್ಚಿಕೊಂಡೆ," ಅಂದರು ಮುದುಕಿ. "ಅವನ ಮಗಳ ಮನೆ ನನಗೆ ಗೊತ್ತು. ಐವತ್ತು ವರ್ಷ ಆ ಬೀದಿ ಬಿಟ್ಟು ಸುತ್ತಿ ಓಡಾಡಿದ್ದೀನಿ."

ಸಂಜೆ ಅಕ್ಕನೇ ಅವರನ್ನ ಕರೆದುಕೊಂಡು ಹೋದಳು. ಬಾಗಿಲು ತೆಗೆದ ಮಗಳಿಗೂ ಕೂದಲು ನರೆತಿತ್ತು. ಹೊಸ್ತಿಲಲ್ಲೇ ನಿಂತು ಎಲ್ಲಾ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. "ಅಮ್ಮ ಹೋಗಿ ಮೂರು ವರ್ಷ ಆಯ್ತು," ಅಂದಳು. "ಈಗ ಯಾರಿಗೆ ಹೇಳೋಕೆ ಬಂದಿರಿ?" ಬಾಗಿಲು ಹಾಕಿಕೊಂಡಳು. ಮುದುಕಿ ಕತ್ತಲಾಗೋವರೆಗೂ ಮೆಟ್ಟಿಲ ಮೇಲೆ ಕೂತಿದ್ದರು. ಬಾಗಿಲು ತೆರೀಲಿಲ್ಲ.

ಸೋಮವಾರ, ಮಳೆನೀರು ಒಳಗೆ ಇಳೀದಿರಲಿ ಅಂತ ರಬ್ಬರ್ ಪಟ್ಟಿ ಕೂರಿಸೋಕೆ ಮುಚ್ಚಳ ಬಿಚ್ಚಿದರು. ಬೋಲ್ಟುಗಳು ಬೆಣ್ಣೆಯ ಹಾಗೆ ಕಳಚಿಕೊಂಡವು. ಸೂಪರ್‌ವೈಸರ್ ಹಿಂದಿನ ಸೀಟಿಗೆ ಬಗ್ಗಿ ನೋಡಿದ. ಆಮೇಲೆ ಇಳಿದು ಬಂದು, ಏನನ್ನೋ ಕಾಗದದಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟ. "ತಗೊಂಡು ಹೋಗಮ್ಮ. ಇದು ಇಲ್ಲಿ ಬೇಡ."

ಸೀಟಿಗೆ ಹೊಸದಾಗಿ ಹಾಕಿದ್ದ ಬೆಲ್ಟು. ಎರಡು ತುಂಡು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಅಕ್ಕನ ಮನೇಲಿ ಅದನ್ನ ಕೈಯಲ್ಲಿ ಹಿಡಿದು ನೋಡಿದ್ದೀನಿ. ಚಾಕು ತಾಗಿಲ್ಲ, ಕತ್ತರಿ ತಾಗಿಲ್ಲ. ಹಲ್ಲಲ್ಲಿ ಕಡಿದಿದೆ.